ಆಮ್‌ಸ್ಟರ್‌ಡ್ಯಾಮ್ ಕಾಲುವೆ ಸಂಗೀತೋತ್ಸವ: ಟಿಕೆಟ್, ಜಾಗ, ದೋಣಿ, ಮಳೆ – ತಿಳಿದವರು ಹೇಳಿ

ಹಂಸನಾದ (ಪ್ರಶ್ನೆ)

ಆಗಸ್ಟ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗ್ರಾಖ್ಟನ್‌ಫೆಸ್ಟಿವಲ್‌ಗೆ ನಾಲ್ಕು ಜನ ಹೋಗಬೇಕು ಅಂತ ಇದ್ದೇವೆ. ಉತ್ಸವ ಸುಮಾರು ಹತ್ತು ದಿನ ನಡೆಯುತ್ತದಂತೆ, ನಮಗೆ ಸಿಗುವುದು ನಾಲ್ಕು ದಿನ. ನಾಲ್ವರಲ್ಲಿ ಇಬ್ಬರು ಎಪ್ಪತ್ತು ದಾಟಿದವರು, ಮೊಣಕಾಲು ನೋವಿದೆ. ಇಷ್ಟವಾದದ್ದು ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ಪಿಟೀಲು, ವಯೋಲಾ, ಚೆಲ್ಲೋ), ಪಿಯಾನೊ, ಸ್ವಲ್ಪ ಹಳೆಯ ಕಾಲದ ಸಂಗೀತ.

ತಿಳಿಯಬೇಕಾದದ್ದು ಇಷ್ಟು. ಟಿಕೆಟ್ ಯಾವಾಗ, ಹೇಗೆ ತೆಗೆಯಬೇಕು? ದಿನಕ್ಕೆ ಎಷ್ಟು ಕಛೇರಿ ಹಿಡಿಯುತ್ತದೆ? ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯಲ್ಲಿ ತೇಲುವ ವೇದಿಕೆಯ ಮೇಲೆ ನಡೆಯುವ ಉಚಿತ ಕಛೇರಿಗೆ ದಂಡೆ ಒಳ್ಳೆಯದೋ, ದೋಣಿ ಬಾಡಿಗೆಗೆ ತೆಗೆದುಕೊಳ್ಳುವುದು ಒಳ್ಳೆಯದೋ? ಮಳೆ ಬಂದರೆ ಏನು ಗತಿ? ಕನ್ಸರ್ಟ್‌ಗೆಬೌ ಸಭಾಂಗಣವನ್ನೂ ಇದೇ ನಾಲ್ಕು ದಿನದಲ್ಲಿ ಸೇರಿಸಬಹುದೇ?

ಕಾಲುವೆಯಂಚು

ಎಲ್ಲಕ್ಕಿಂತ ಮೊದಲು, ಇದು ಒಂದು ಮೈದಾನ, ಒಂದು ವೇದಿಕೆ ಇರುವ ಉತ್ಸವ ಅಲ್ಲ. 1998ರಲ್ಲಿ ಶುರುವಾದಾಗಿನಿಂದ ಇದರ ಜೀವಾಳವೇ ಊರ ತುಂಬ ಚದುರಿದ ಜಾಗಗಳು. ಕಾಲುವೆ ದಂಡೆಯ ಹಳೆಯ ಮನೆಗಳ ಹಜಾರ, ಅವುಗಳ ಹಿತ್ತಲ ತೋಟ, ಮ್ಯೂಸಿಯಂ, ಚರ್ಚು, ದೋಣಿ, ಹಾಗೆಯೇ ಊರಿನ ದೊಡ್ಡ ಸಭಾಂಗಣಗಳು. ಹಾಡುವವರು, ನುಡಿಸುವವರಲ್ಲಿ ಹೆಚ್ಚಿನವರು ಎಳೆಯರು. ಪ್ರತಿಭಾವಂತ ಯುವ ಕಲಾವಿದರನ್ನು ಮುಂದೆ ತರುವುದೇ ಉತ್ಸವದ ಗುರಿ. ಆದ್ದರಿಂದ ದೊಡ್ಡ ಹೆಸರು ಹುಡುಕಬೇಡಿ, ಜಾಗ ಮತ್ತು ಕೃತಿ ನೋಡಿ ಆರಿಸಿ.

ಉತ್ಸವದ ದಿನಾಂಕ ಬೇಗ ಗೊತ್ತಾಗುತ್ತದೆ, ಪೂರ್ತಿ ಕಾರ್ಯಕ್ರಮ ಪಟ್ಟಿ ನಿಧಾನವಾಗಿ ಬರುತ್ತದೆ. ಪಟ್ಟಿ ಬರಲಿ ಅಂತ ವೀಸಾ ಅರ್ಜಿ ತಡ ಮಾಡಬೇಡಿ. ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು.

ಟಿಕೆಟ್ ಮಾರಾಟ ತೆರೆದ ದಿನವೇ ಕೂತು ತೆಗೆಯಬೇಕಾದದ್ದು ಮನೆಗಳಲ್ಲಿ ಮತ್ತು ತೋಟಗಳಲ್ಲಿ ನಡೆಯುವ ಕಛೇರಿಗಳು. ಒಂದು ಹಜಾರದಲ್ಲಿ ಹಿಡಿಸುವುದೇ ಕೆಲವು ಹತ್ತು ಕುರ್ಚಿ, ಮೊದಲು ಖಾಲಿಯಾಗುವುದು ಅವೇ. ದೊಡ್ಡ ಸಭಾಂಗಣದ್ದನ್ನು ಆಮೇಲೆ ನಿಧಾನವಾಗಿ ತೆಗೆದುಕೊಂಡರೂ ನಡೆಯುತ್ತದೆ. ಹಣ ಕಟ್ಟುವಾಗ ಡಚ್ ವೆಬ್‌ಸೈಟುಗಳು ಮೊದಲು ತೋರಿಸುವುದು ‘ಐಡೀಲ್’ ಎಂಬ ದಾರಿ. ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆ ಬೇಕು, ನಿಮಗೆ ಆಗುವುದಿಲ್ಲ. ಕೆಳಗಿರುವ ಕ್ರೆಡಿಟ್ ಕಾರ್ಡ್ ಆಯ್ಕೆಗೆ ಹೋಗಿ. ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರ ಮೊದಲೇ ಚಾಲೂ ಆಗಿರಲಿ. ಓಟಿಪಿಗೆ ಕಾಯುತ್ತ ಕೂತರೆ ಬುಟ್ಟಿಯಲ್ಲಿರುವ ಟಿಕೆಟ್ ಸಮಯ ಮೀರಿ ಹೋಗುತ್ತದೆ. ಪಟ್ಟಿಯಲ್ಲಿ ‘ಉಯ್ಟ್‌ಫರ್‌ಕೊಖ್ಟ್’ ಅಂತ ಇದ್ದರೆ ಟಿಕೆಟ್ ಮುಗಿದಿದೆ, ‘ಖ್ರಾಟಿಸ್’ ಅಂದರೆ ಉಚಿತ.

ಎಷ್ಟು ಕಛೇರಿ ಎಂಬುದಕ್ಕೆ ನನ್ನ ಉತ್ತರ: ದಿನಕ್ಕೆ ಎರಡು, ತೀರಾ ಆಸೆಯಾದರೆ ಮೂರು. ಕಛೇರಿಗಳು ಬಹುತೇಕ ಒಂದು ಗಂಟೆಯ ಆಸುಪಾಸಿನವು, ಮಧ್ಯಂತರ ಇರುವುದಿಲ್ಲ. ಕಾಗದದ ಮೇಲೆ ನಾಲ್ಕು ಕೂಡ ಹಿಡಿಯುತ್ತವೆ ಅನ್ನಿಸುತ್ತದೆ. ಆದರೆ ಶುರುವಾದ ಮೇಲೆ ಬಂದವರನ್ನು ಸಣ್ಣ ಜಾಗಗಳಲ್ಲಿ ಒಳಗೆ ಬಿಡುವುದಿಲ್ಲ, ಬಿಡಲು ಪಕ್ಕದ ಬಾಗಿಲೇ ಇರುವುದಿಲ್ಲ. ಒಂದು ಮುಗಿದು ಇನ್ನೊಂದು ಶುರುವಾಗುವುದಕ್ಕೆ ಕನಿಷ್ಠ ಒಂದೂವರೆ ಗಂಟೆ ಬಿಡಿ. ಹಿರಿಯರಿದ್ದರೆ ಎರಡು.

ಎಲ್ಲರ ಲೆಕ್ಕ ತಪ್ಪುವುದು ಮನೆ ನಂಬರಿನಲ್ಲಿ. ಮೂರು ದೊಡ್ಡ ಕಾಲುವೆಗಳು ಊರ ನಡುವಿನಿಂದ ಹೊರಕ್ಕೆ ಹೇರನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಎಂಬ ಕ್ರಮದಲ್ಲಿ ಬಾಗುತ್ತ ಹೋಗುತ್ತವೆ. ಮೂರರಲ್ಲೂ ನಂಬರು ವಾಯುವ್ಯದ ಬ್ರೌವರ್ಸ್‌ಗ್ರಾಖ್ಟ್ ಕಡೆಯಿಂದ ಶುರುವಾಗಿ ಆಮ್ಸ್ಟೆಲ್ ನದಿಯತ್ತ ಏರುತ್ತದೆ. ಬೆಸ ಸಂಖ್ಯೆಯೆಲ್ಲ ಊರ ನಡುವಿನ ಬದಿಗೆ, ಸಮ ಸಂಖ್ಯೆ ಹೊರಬದಿಗೆ. 323ರ ಮುಂದೆ ನಿಂತು 324 ಪಕ್ಕದ್ದೇ ಇರಬೇಕು ಅಂದುಕೊಂಡರೆ ಅದು ನೀರಿನ ಆಚೆಗಿರುತ್ತದೆ. ಸೇತುವೆವರೆಗೆ ನಡೆದು, ದಾಟಿ, ಮತ್ತೆ ಅಷ್ಟೇ ದೂರ ವಾಪಸ್ ಬರಬೇಕು. ಇದರ ಮೇಲೆ ದಂಡೆಯ ಗೋಡೆಗಳ ದುರಸ್ತಿ ಬೇರೆ. 2020ರಲ್ಲಿ ಗ್ರಿಂಬರ್ಗ್‌ವಾಲ್ ಎಂಬಲ್ಲಿ ದಂಡೆಯೇ ಕುಸಿದು ಕಾಲುವೆಗೆ ಬಿತ್ತು. ಹಳೆಯ ಗೋಡೆಗಳನ್ನು ಭದ್ರ ಮಾಡುವ ಕೆಲಸ ಅಲ್ಲಲ್ಲಿ ನಡೆಯುತ್ತಲೇ ಇದೆ, ಬೇಲಿ ಹಾಕಿದ ಕಡೆ ಸುತ್ತಿಕೊಂಡು ಹೋಗಬೇಕಾಗುತ್ತದೆ. ಅಂದಾಜಿಗೆ ಹೇಳುವುದಾದರೆ, ಕೈಜರ್ಸ್‌ಗ್ರಾಖ್ಟ್ 324ರ ಫೆಲಿಕ್ಸ್ ಮೆರಿಟಿಸ್ ಎಂಬ ಹಳೆಯ ಕಟ್ಟಡದಿಂದ ಅದೇ ಕಾಲುವೆಯ 672ರ ವಾನ್ ಲೋನ್ ಮ್ಯೂಸಿಯಂವರೆಗೆ ಸಾಮಾನ್ಯ ನಡಿಗೆಯಲ್ಲಿ ಇಪ್ಪತ್ತು ನಿಮಿಷ. ಮೊಣಕಾಲು ನೋವಿದ್ದವರಿಗೆ ಅರ್ಧ ಗಂಟೆಯ ಮೇಲೆ.

ಹಾಗಾಗಿ ಒಂದು ದಿನದ ಎರಡು ಕಛೇರಿಗಳನ್ನು ಒಂದೇ ಕಡೆಯವು ಆರಿಸಿಕೊಳ್ಳಿ. ಒಂದು ದಿನ ಪೂರ್ತಿ ಪಶ್ಚಿಮದ ಕಾಲುವೆಗಳ ಭಾಗ, ಇನ್ನೊಂದು ದಿನ ರೈಲು ನಿಲ್ದಾಣದ ಆಚೆಯ ‘ಐ’ ಎಂಬ ಅಗಲ ನೀರಿನ ದಂಡೆ. ಅಲ್ಲಿ 2005ರಲ್ಲಿ ತೆರೆದ ಮ್ಯೂಸಿಕ್‌ಗೆಬೌ ಸಭಾಂಗಣ ಇದೆ, ಸೆಂಟ್ರಲ್ ನಿಲ್ದಾಣದಿಂದ 26ನೇ ಟ್ರ್ಯಾಮ್‌ನಲ್ಲಿ ಮೊದಲ ನಿಲುಗಡೆ.

ಶ್ರುತಿಪೆಟ್ಟಿಗೆ

ಮೇಲಿನವರು ಹೇಳಿದ ‘ಜಾಗ ನೋಡಿ ಆರಿಸಿ’ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಮಟ್ಟಿಗೆ ಇಡೀ ಉತ್ಸವದಲ್ಲಿ ಮುಖ್ಯವಾದದ್ದು ಇದೇ. ಯಾವ ವಾದ್ಯ ಯಾವ ಜಾಗದಲ್ಲಿ ಎಂಬುದು ಕೂಡಿಬರದಿದ್ದರೆ ಒಳ್ಳೆಯ ಕಲಾವಿದರೂ ಅರ್ಧ ಮಾತ್ರ ಕೇಳಿಸುತ್ತಾರೆ.

ಕ್ವಾರ್ಟೆಟ್ ಕೇಳುವುದಿದ್ದರೆ ಮನೆಯೊಳಗಿನ ಹಜಾರವೇ ಸರಿ. ಎತ್ತರದ ಚಾವಣಿ, ಗಾರೆಯ ಅಲಂಕಾರ, ಕೆಳಗೆ ಮರದ ನೆಲ. ಚೆಲ್ಲೋದ ಕೆಳಗಿನ ಮೊಳೆಯ ಮೂಲಕ ಮಂದ್ರದ ಕಂಪನ ನೆಲದ ಹಲಗೆಗೆ ಇಳಿದು ಪಾದಕ್ಕೇ ತಾಗುತ್ತದೆ. ದೊಡ್ಡ ಸಭಾಂಗಣದಲ್ಲಿ ಇದು ಸಿಗುವುದಿಲ್ಲ. ಇಲ್ಲಿ ತೀರಾ ಮುಂದಿನ ಸಾಲು ಬೇಡ, ಹತ್ತಿರದ ಒಂದು ಪಿಟೀಲು ಉಳಿದ ಮೂರನ್ನೂ ಮುಚ್ಚಿಬಿಡುತ್ತದೆ. ಎರಡನೆಯ ಅಥವಾ ಮೂರನೆಯ ಸಾಲಿನ ನಡುವೆ ಕೂತರೆ ನಾಲ್ಕೂ ದನಿ ಬೇರೆ ಬೇರೆಯಾಗಿಯೂ ಒಟ್ಟಾಗಿಯೂ ಸಿಗುತ್ತವೆ. ಕೋಣೆ ಯಾವ ಕಡೆಯದು ಎಂಬುದೂ ಮುಖ್ಯ. ಕಾಲುವೆಯ ಕಡೆಗೆ ಮುಖ ಮಾಡಿದ ಕೋಣೆಯಲ್ಲಿ ಸೈಕಲ್ ಗಂಟೆ, ಕಲ್ಲುಹಾಸಿನ ಮೇಲೆ ಉರುಳುವ ಸೂಟ್‌ಕೇಸ್, ದೋಣಿಯಲ್ಲಿ ಹೋಗುವವರ ಮಾತು ಎಲ್ಲ ಒಳಗೆ ಬರುತ್ತದೆ. ಹಿಂದಿನ ತೋಟದ ಕಡೆಯ ಕೋಣೆ ಅಷ್ಟೇ ಶಾಂತ.

ತೋಟದ ಕಛೇರಿಗಳನ್ನು ಬಯಲು ಅಂತ ತಳ್ಳಿಹಾಕಬೇಡಿ. 17ನೇ ಶತಮಾನದಲ್ಲಿ ಈ ಕಾಲುವೆಗಳನ್ನು ತೋಡಿ ನಿವೇಶನ ಹಂಚಿದಾಗಲೇ ಮನೆಗಳ ಹಿಂದಿನ ಜಾಗವನ್ನು ಕಟ್ಟಡ ಕಟ್ಟದೆ ಬಿಡಬೇಕೆಂದು ಊರು ನಿಯಮ ಮಾಡಿತ್ತು. ಅದರಿಂದಾಗಿ ಎರಡು ಸಾಲು ಮನೆಗಳ ಬೆನ್ನುಗೋಡೆಗಳ ನಡುವೆ ಉದ್ದದ ಹಸಿರು ಪಟ್ಟಿ ಉಳಿದುಕೊಂಡಿದೆ. ಆ ಇಟ್ಟಿಗೆ ಗೋಡೆಗಳು ಗಾಳಿ ತಡೆಯುತ್ತವೆ, ದನಿಯನ್ನೂ ವಾಪಸ್ ಕೊಡುತ್ತವೆ. ಕೊಳಲು, ಓಬೋ, ಕ್ಲಾರಿನೆಟ್‌ನಂಥ ಗಾಳಿವಾದ್ಯಗಳು, ಗಿಟಾರ್, ಒಬ್ಬರ ಹಾಡುಗಾರಿಕೆ ಇಲ್ಲಿ ಚೆನ್ನಾಗಿ ಬರುತ್ತವೆ. ಗೋಡೆಗೆ ಹತ್ತಿರದ ಕುರ್ಚಿ ಹಿಡಿಯಿರಿ.

ತೆರೆದ ದೋಣಿಯ ಮೇಲೆ ಮೈಕ್ ಇಲ್ಲದೆ ಕ್ವಾರ್ಟೆಟ್ ನುಡಿಸಿದರೆ ನೋಡಲು ಚೆಂದ, ಕೇಳಲು ಕಷ್ಟ. ಮೇಲೆ, ಪಕ್ಕದಲ್ಲಿ ದನಿಯನ್ನು ತಿರುಗಿಸಿ ಕೊಡುವ ಯಾವುದೂ ಇಲ್ಲ, ವಯೋಲಾ ಮೊದಲು ಕಳೆದುಹೋಗುತ್ತದೆ. ಹೊರಗಿನ ಕಛೇರಿಗಳಲ್ಲಿ ಮಧ್ಯೆ ಮಧ್ಯೆ ಶ್ರುತಿ ಮಾಡಿಕೊಳ್ಳುವುದನ್ನು ನೋಡುತ್ತೀರಿ. ಬಿಸಿಲೇರಿದರೆ ಗಾಳಿವಾದ್ಯದ ಶ್ರುತಿ ಮೇಲಕ್ಕೆ ಹೋಗುತ್ತದೆ, ತಂತಿವಾದ್ಯದ್ದು ಕೆಳಗೆ ಇಳಿಯುತ್ತದೆ. ಎರಡೂ ಒಟ್ಟಿಗಿದ್ದರೆ ಪ್ರತಿ ಭಾಗದ ಕೊನೆಗೂ ಸರಿಮಾಡಿಕೊಳ್ಳಲೇಬೇಕು. ಸ್ವರಹಾಳೆ ಹಾರದಂತೆ ಬಟ್ಟೆ ಕ್ಲಿಪ್ ಸಿಕ್ಕಿಸಿರುತ್ತಾರೆ. ಗಾಳಿ ಜೋರಾದಾಗ ಪುಟ ತಿರುಗಿಸಲು ಕ್ಲಿಪ್ ತೆಗೆದು ಹಾಕುವಷ್ಟರಲ್ಲಿ ಒಂದೆರಡು ಆವರ್ತ ತಪ್ಪಿಹೋಗುವುದೂ ಉಂಟು.

ಹಂಸನಾದ ಅವರೇ, ಫೆಲಿಕ್ಸ್ ಮೆರಿಟಿಸ್‌ನಲ್ಲಿ ಏನಾದರೂ ಇದ್ದರೆ ಬಿಡಬೇಡಿ. 1788ರ ಕಟ್ಟಡ. ಅದರೊಳಗಿನ ಮೊಟ್ಟೆಯಾಕಾರದ ಸಭಾಂಗಣದ ಮಾದರಿಯಲ್ಲೇ ಕನ್ಸರ್ಟ್‌ಗೆಬೌನ ಚಿಕ್ಕ ಸಭಾಂಗಣವನ್ನು ಕಟ್ಟಿದ್ದು. ಎರಡರಲ್ಲೂ ಒಂದೊಂದು ಕಛೇರಿ ಕೇಳಿದರೆ ಅದಕ್ಕಿಂತ ಒಳ್ಳೆಯ ಹೋಲಿಕೆಯ ಪಾಠ ಇನ್ನೊಂದಿಲ್ಲ.

ಕನ್ಸರ್ಟ್‌ಗೆಬೌ ವಿಷಯ: ಅದು ಈ ಉತ್ಸವಕ್ಕಿಂತ ಬೇರೆ ಸಂಸ್ಥೆ, ಟಿಕೆಟ್ ಬೇರೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಬೇಸಿಗೆ ಕಛೇರಿಗಳ ಸರಣಿ ಇರುತ್ತದೆ, ನಿಮ್ಮ ನಾಲ್ಕು ದಿನದಲ್ಲಿ ಒಂದು ಸಂಜೆ ಖಂಡಿತ ಇಟ್ಟುಕೊಳ್ಳಿ. ಬುಧವಾರದ ಮಧ್ಯಾಹ್ನದ ಕಛೇರಿ ಅಂತ ಕೆಲವರು ಹೇಳುತ್ತಾರೆ, ಅದು ಸೆಪ್ಟೆಂಬರಿನಿಂದ ಜೂನ್‌ವರೆಗಿನದು, ನಿಮಗೆ ಸಿಗುವುದಿಲ್ಲ. 1888ರಲ್ಲಿ ತೆರೆದ ಈ ದೊಡ್ಡ ಸಭಾಂಗಣದಲ್ಲಿ ಜನ ತುಂಬಿದಾಗ ಅನುರಣನ (ನುಡಿಸುವುದು ನಿಂತ ಮೇಲೂ ಉಳಿಯುವ ದನಿ) ಸುಮಾರು 2.2 ಸೆಕೆಂಡ್ ಉಳಿಯುತ್ತದೆ, ಖಾಲಿಯಿದ್ದಾಗ 2.8. ದೊಡ್ಡ ಆರ್ಕೆಸ್ಟ್ರಾಕ್ಕೆ ಅದು ವರ. ವೇಗದ ಪಿಯಾನೊ ಕೃತಿಗೆ ತುಸು ಹೆಚ್ಚೇ ಆಯಿತು, ಸ್ವರಗಳು ಒಂದರ ಮೇಲೊಂದು ಹರಿದುಬಿಡುತ್ತವೆ. ಆದ್ದರಿಂದ ಆರ್ಕೆಸ್ಟ್ರಾ ಇದ್ದರೆ ದೊಡ್ಡದು, ಪಿಯಾನೊ ಅಥವಾ ಕ್ವಾರ್ಟೆಟ್ ಇದ್ದರೆ ಚಿಕ್ಕದು. ವೇದಿಕೆಯ ಹಿಂದಿನ ಸೀಟುಗಳಲ್ಲಿ ಆರ್ಕೆಸ್ಟ್ರಾ ನಡೆಸುವವರ ಮುಖ ಕಾಣುತ್ತದೆ. ಆದರೆ ಹಾಡುಗಾರರಿದ್ದ ದಿನ ಆ ಕಡೆ ತೆಗೆದುಕೊಳ್ಳಬೇಡಿ, ದನಿ ಆಚೆಗೆ ಹೋಗುತ್ತದೆ.

ನೀರಮೇಲಿನರಾಗ

ಪ್ರಿನ್ಸೆನ್‌ಗ್ರಾಖ್ಟ್ ಕಛೇರಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

1981ರಿಂದ ನಡೆದುಬಂದದ್ದು. ಆಗಸ್ಟ್‌ನ ಒಂದು ಸಂಜೆ, ಪುಲಿಟ್ಜರ್ ಹೋಟೆಲ್ ಮುಂದೆ ನೀರಿನ ಮೇಲೆ ತೇಲುವ ವೇದಿಕೆ, ಪ್ರವೇಶ ಉಚಿತ, ಸಾರ್ವಜನಿಕ ಟಿವಿಯಲ್ಲೂ ಪ್ರಸಾರ. ಉತ್ಸವದ ದಿನಾಂಕ ನೋಡಿಕೊಂಡು ಇದೂ ಅದರೊಳಗೇ ಬರುತ್ತದೆ ಅಂತ ಊಹಿಸಬೇಡಿ, ಎರಡರ ದಿನಾಂಕವನ್ನೂ ಬೇರೆ ಬೇರೆಯಾಗಿ ಖಚಿತ ಮಾಡಿಕೊಂಡು ವಿಮಾನದ ಟಿಕೆಟ್ ತೆಗೆಯಿರಿ.

ಜಾಗ ಗುರುತು ಹೀಗೆ: 13 ಅಥವಾ 17ನೇ ಟ್ರ್ಯಾಮ್‌ನಲ್ಲಿ ವೆಸ್ಟರ್‌ಮಾರ್ಕ್ಟ್ ನಿಲುಗಡೆ. ಇಳಿದು ವೆಸ್ಟರ್‌ಕೆರ್ಕ್ ಚರ್ಚನ್ನು ಬೆನ್ನಿಗೆ ಹಾಕಿಕೊಂಡು ದಕ್ಷಿಣಕ್ಕೆ, ರೇಸ್ಟ್ರಾಟ್ ಬೀದಿಯ ಸೇತುವೆಯ ಕಡೆಗೆ ನಡೆದರೆ ದಾರಿಯಲ್ಲೇ ಹೋಟೆಲ್. ಹೋಟೆಲ್ ಇರುವುದು ಬೆಸ ಸಂಖ್ಯೆಯ ಬದಿ. ಎದುರು ದಂಡೆ ಯೋರ್ಡಾನ್ ಬಡಾವಣೆಯದು.

ಈ ಕಛೇರಿಗೆ ಧ್ವನಿವರ್ಧಕ ಇರುತ್ತದೆ, ಹಾಗಾಗಿ ವೇದಿಕೆಗೆ ಹತ್ತಿರ ಇದ್ದರೆ ಮಾತ್ರ ಕೇಳುತ್ತದೆ ಎಂದೇನಿಲ್ಲ. ಮೊದಲು ತಪ್ಪಿಸಬೇಕಾದದ್ದು ಎರಡು ಸ್ಪೀಕರ್ ಗೋಪುರಗಳ ನಡುವಿನ ಜಾಗ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಸ್ಪೀಕರಿಗಿಂತ ಇನ್ನೊಂದು 17 ಮೀಟರ್ ದೂರ ಇದ್ದರೂ ಅದರ ದನಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡವಾಗಿ ಬಂದು ಮಾರ್ದನಿಯಂತೆ ಕೇಳುತ್ತದೆ. ಒಂದು ಸ್ಪೀಕರಿಗೆ ನೇರ ಎದುರಾಗಿ, ಇನ್ನೊಂದರಿಂದ ದೂರ ನಿಲ್ಲಿ. ತಪ್ಪಿಸಬೇಕಾದ ಎರಡನೆಯದು ಮರ. ಇಲ್ಲಿನ ಕಾಲುವೆ ದಂಡೆಗಳ ಉದ್ದಕ್ಕೂ ಎಲ್ಮ್ ಮರಗಳಿವೆ, ಆಗಸ್ಟ್‌ನಲ್ಲಿ ಎಲೆ ತುಂಬಿರುತ್ತವೆ. ಬೆಳಿಗ್ಗೆ ಹೋಗಿ ನೋಡಿ ಬಂದರೆ ಯಾವ ಎರಡು ಮರದ ಸಂದಿಯಿಂದ ವೇದಿಕೆ ಕಾಣುತ್ತದೆ ಅಂತ ಗೊತ್ತಾಗುತ್ತದೆ. ಸೇತುವೆ ಎತ್ತರದಲ್ಲಿದ್ದು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಜನ ಸೇರಿದ ಮೇಲೆ ಸೇತುವೆಯ ಮೇಲೆ ನಿಲ್ಲಲು ಬಿಡುತ್ತಾರೆ ಎಂದು ನಂಬಿಕೊಂಡು ಕೂರಬೇಡಿ.

ಇಬ್ಬರು ಹಿರಿಯರ ಜೊತೆ ಹೋಗುವವರಿಗೆ ನನ್ನ ಸಲಹೆ ಬೇರೆ. ಸಂಜೆ ಕಛೇರಿಗೆ ಗಂಟೆಗಟ್ಟಲೆ ಮೊದಲೇ ಜಾಗ ಹಿಡಿಯಬೇಕು, ನಡುವೆ ಎದ್ದು ಶೌಚಾಲಯಕ್ಕೆ ಹೋದರೆ ಜಾಗ ಹೋಯಿತು. ಹಿಂದಿನ ದಿನ ಅಥವಾ ಅದೇ ಮಧ್ಯಾಹ್ನ ಅಲ್ಲಿ ಧ್ವನಿ ಪರೀಕ್ಷೆ, ತಾಲೀಮು ನಡೆಯುವ ಹೊತ್ತು ಸಿಕ್ಕರೆ ಹತ್ತಿರದ ಬೆಂಚಿನ ಮೇಲೆ ಕೂತು ಆರಾಮವಾಗಿ ಕೇಳಬಹುದು. ಕಛೇರಿಯನ್ನು ರೂಮಿನ ಟಿವಿಯಲ್ಲಿ ನೋಡಿದರೂ ನಷ್ಟವಿಲ್ಲ. ಗಟ್ಟಿ ಇರುವ ಇಬ್ಬರು ಹೋಗಿಬನ್ನಿ. ಕೊನೆಗೆ ‘ಆನ್ ದ ಆಮ್ಸ್ಟರ್‌ಡಾಮ್ಸ ಗ್ರಾಖ್ಟನ್’ ಎಂಬ ಹಾಡನ್ನು ದಂಡೆ, ದೋಣಿ, ಕಿಟಕಿಗಳಲ್ಲಿರುವ ಅಷ್ಟೂ ಜನ ಸೇರಿ ಹಾಡುತ್ತಾರೆ. ಪೀಟರ್ ಖೂಮಾನ್ಸ್ 1949ರಲ್ಲಿ ಬರೆದದ್ದು. ಅದು ಮುಗಿಯುವ ಮೊದಲು ಟ್ರ್ಯಾಮ್ ಹಿಡಿಯುವ ಆತುರಕ್ಕೆ ಹೊರಡಬೇಡಿ.

ಹುಟ್ಟುಕೋಲು

ದೋಣಿಯ ಪ್ರಶ್ನೆಗೆ ಉತ್ತರ: ಆ ಸಂಜೆಗೆ ಬೇಡ. ಬೇರೆ ದಿನ ಬೆಳಿಗ್ಗೆ ಧಾರಾಳವಾಗಿ ತೆಗೆದುಕೊಳ್ಳಿ.

ಕಾರಣ ಹೇಳುತ್ತೇನೆ. ನೀವೇ ನಡೆಸುವ ಸಣ್ಣ ವಿದ್ಯುತ್ ದೋಣಿಗೆ ಲೈಸೆನ್ಸ್ ಬೇಕಿಲ್ಲ. 15 ಮೀಟರಿಗಿಂತ ಉದ್ದದ ಅಥವಾ ಗಂಟೆಗೆ 20 ಕಿ.ಮೀ.ಗಿಂತ ವೇಗದ ದೋಣಿಗೆ ಮಾತ್ರ ಬೇಕು. ಆದರೆ ಬಾಡಿಗೆ ಕೊಡುವ ಹಲವರು ಕತ್ತಲಾಗುವ ಮೊದಲೇ ದೋಣಿ ವಾಪಸ್ ಕೇಳುತ್ತಾರೆ. ಆಗಸ್ಟ್ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು 9ಕ್ಕೆ, ಕಛೇರಿ ಕತ್ತಲಿಗೆ ಹೋಗುತ್ತದೆ. ಕತ್ತಲಲ್ಲಿ ಸಣ್ಣ ದೋಣಿಗೂ ಸುತ್ತ ಕಾಣುವ ಬಿಳಿ ದೀಪ ಕಡ್ಡಾಯ. ಇನ್ನೊಂದು, ಕಛೇರಿಯ ದಿನ ದೋಣಿಗಳು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಕಾಲುವೆಯ ಈ ದಂಡೆಯಿಂದ ಆ ದಂಡೆಯವರೆಗೆ ತುಂಬಿಬಿಡುತ್ತವೆ. ಒಮ್ಮೆ ಒಳಗೆ ಸಿಕ್ಕಿದರೆ ಮುಗಿಯುವವರೆಗೆ ಹೊರಬರಲು ಆಗುವುದಿಲ್ಲ. ದೋಣಿಯಲ್ಲಿ ಶೌಚಾಲಯ ಇರುವುದಿಲ್ಲ. ದಂಡೆಗೆ ಹತ್ತಬೇಕೆಂದರೆ ನಾಲ್ಕಾರು ಅಪರಿಚಿತರ ದೋಣಿ ದಾಟಿ, ಮೇಲಿರುವ ಕಲ್ಲಿನ ಅಂಚಿಗೆ ಕಾಲು ಎತ್ತಿಡಬೇಕು. ಮೊಣಕಾಲು ನೋವಿರುವವರಿಂದ ಆಗದ ಮಾತು.

ಬೇರೆ ದಿನ ಹೋಗುವಾಗ ಗಮನದಲ್ಲಿರಲಿ: ಕಾಲುವೆಯಲ್ಲಿ ಮಿತಿ ಗಂಟೆಗೆ 6 ಕಿ.ಮೀ., ಯಾವಾಗಲೂ ಬಲಬದಿ. ಉದ್ದದ ಪ್ರವಾಸಿ ದೋಣಿ ಎದುರಾದರೆ ನೀವೇ ಜಾಗ ಬಿಡಿ, ಅದು ತಟ್ಟನೆ ನಿಲ್ಲಲಾರದು. ಹಿಂದಿನ ಹಿಡಿಕೋಲನ್ನು ಎಡಕ್ಕೆ ದೂಡಿದರೆ ಮೂತಿ ಬಲಕ್ಕೆ ತಿರುಗುತ್ತದೆ, ಮೊದಲ ಹತ್ತು ನಿಮಿಷ ಎಲ್ಲರೂ ತಡವರಿಸುವುದು ಇಲ್ಲೇ. ಸೇತುವೆ ಕೆಳಗೆ ಯಾರೂ ಎದ್ದು ನಿಲ್ಲಬಾರದು, ದೋಣಿಯ ಅಂಚಿನ ಹೊರಗೆ ಕೈ ಇಡಬಾರದು. ಕಲ್ಲುಗೋಡೆಗೂ ದೋಣಿಗೂ ನಡುವೆ ಬೆರಳು ಸಿಕ್ಕಿದರೆ ಜಜ್ಜಿಹೋಗುತ್ತದೆ.

ಹಂಸನಾದ

ತುಂಬಾ ಉಪಕಾರ. ದೋಣಿ ಆಸೆ ಆ ಸಂಜೆಗೆ ಬಿಟ್ಟೆವು. ಹಿರಿಯರ ವಿಷಯಕ್ಕೆ ಇನ್ನೆರಡು ಪ್ರಶ್ನೆ. ಮನೆಗಳೊಳಗಿನ ಕಛೇರಿಗೆ ಲಿಫ್ಟ್ ಇರುತ್ತದೆಯೇ? ಟ್ರ್ಯಾಮ್ ಟಿಕೆಟ್ ಹೇಗೆ? ಮಳೆಯ ಪ್ರಶ್ನೆಗೂ ಯಾರಾದರೂ ಉತ್ತರಿಸಿ.

ಕಾಲುವೆಯಂಚು

ಲಿಫ್ಟ್ ಇರುವುದಿಲ್ಲ ಎಂದೇ ಎಣಿಸಿಕೊಂಡು ಹೊರಡಿ. ಕಾಲುವೆ ಮನೆಯ ಮುಖ್ಯ ಅಂತಸ್ತು ರಸ್ತೆಯ ಮಟ್ಟಕ್ಕಿಂತ ಮೇಲಿರುತ್ತದೆ, ಮುಂದುಗಡೆ ಕಲ್ಲಿನ ಮೆಟ್ಟಿಲು ಹತ್ತಿಯೇ ಒಳಗೆ ಹೋಗಬೇಕು. ಅಲ್ಲಿಯವರೆಗೆ ನಿಧಾನಕ್ಕೆ ಹತ್ತಬಹುದು. ಕಷ್ಟ ಇರುವುದು ಅದಕ್ಕೂ ಮೇಲಿನ ಅಂತಸ್ತಿಗೆ ಹೋಗುವ ಒಳಮೆಟ್ಟಿಲಿನಲ್ಲಿ. ಕಡಿದಾದದ್ದು, ಪಾದ ಪೂರ್ತಿ ಊರಲು ಜಾಗ ಇಲ್ಲ, ಇಳಿಯುವಾಗ ಹಿಮ್ಮುಖವಾಗಿ ಇಳಿಯಬೇಕು ಅನ್ನಿಸುವಂಥದ್ದು. ಟಿಕೆಟ್ ತೆಗೆಯುವ ಮೊದಲೇ ಉತ್ಸವದವರಿಗೆ ಇಮೇಲ್ ಬರೆದು ಮೂರು ವಿಷಯ ಕೇಳಿ: ರಸ್ತೆಯಿಂದ ಕುರ್ಚಿಯವರೆಗೆ ಎಷ್ಟು ಮೆಟ್ಟಿಲು, ಬೆನ್ನಿರುವ ಕುರ್ಚಿಯೋ ಬೆಂಚೋ, ಶೌಚಾಲಯ ಅದೇ ಅಂತಸ್ತಿನಲ್ಲಿದೆಯೋ. ಹೀಗೆ ನಿರ್ದಿಷ್ಟವಾಗಿ ಕೇಳಿದರೆ ನಿರ್ದಿಷ್ಟ ಉತ್ತರ ಬರುತ್ತದೆ, ‘ಹಿರಿಯರಿಗೆ ಅನುಕೂಲ ಇದೆಯೇ’ ಅಂತ ಕೇಳಿದರೆ ‘ಇದೆ’ ಅಂತ ಮಾತ್ರ ಬರುತ್ತದೆ. ಮ್ಯೂಸಿಕ್‌ಗೆಬೌ, ಕನ್ಸರ್ಟ್‌ಗೆಬೌ ಎರಡರಲ್ಲೂ ಲಿಫ್ಟ್ ಇದೆ, ಚಿಂತೆಯಿಲ್ಲ. ಹಳೆಯ ಮನೆಗಳ ನೆಲಕ್ಕೆ ಪೆಟ್ಟಾಗದಂತೆ ಮೊನಚು ಹಿಮ್ಮಡಿಯ ಚಪ್ಪಲಿ ಬೇಡ. ಬೆನ್ನಚೀಲವನ್ನು ಬಾಗಿಲಲ್ಲೇ ಇಡಲು ಹೇಳುತ್ತಾರೆ, ಔಷಧಿ ಇದ್ದರೆ ಕೈಚೀಲದಲ್ಲಿರಲಿ.

ಟ್ರ್ಯಾಮ್, ಮೆಟ್ರೋ, ರೈಲು ಮೂರಕ್ಕೂ ನಿಮ್ಮ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡೇ ಸಾಕು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತಾಗಿಸಬೇಕು. ತಪ್ಪಾಗುವುದು ಎರಡು ಕಡೆ. ಒಂದು ಕಾರ್ಡಿನಲ್ಲಿ ಇಬ್ಬರು ಹೋಗಲು ಆಗದು, ನಾಲ್ವರಿಗೆ ನಾಲ್ಕು ಕಾರ್ಡ್ ಬೇಕು. ಹತ್ತುವಾಗ ಪ್ಲಾಸ್ಟಿಕ್ ಕಾರ್ಡ್ ತಾಗಿಸಿ ಇಳಿಯುವಾಗ ಅದೇ ಕಾರ್ಡ್ ಇರುವ ಫೋನ್ ತಾಗಿಸಿದರೆ ಯಂತ್ರ ಅವೆರಡನ್ನೂ ಬೇರೆ ಬೇರೆ ಎಂದು ಎಣಿಸಿ ಎರಡಕ್ಕೂ ಹಣ ಹಿಡಿಯುತ್ತದೆ. ಅಷ್ಟು ಕಾರ್ಡ್ ಇಲ್ಲದಿದ್ದರೆ ಊರಿನ ಸಾರಿಗೆ ನಡೆಸುವ ಜಿವಿಬಿ ಸಂಸ್ಥೆಯ ದಿನದ ಟಿಕೆಟ್ ತೆಗೆಯಿರಿ. ಟ್ರ್ಯಾಮ್, ಮೆಟ್ರೋ, ಅವರ ಬಸ್ಸಿಗೆ ನಡೆಯುತ್ತದೆ. ಸ್ಖಿಪೋಲ್ ವಿಮಾನ ನಿಲ್ದಾಣದಿಂದ ಬರುವ ರೈಲಿಗೆ ನಡೆಯುವುದಿಲ್ಲ.

ಹೊಟೇಲ್ ಬಾಡಿಗೆಯ ಮೇಲೆ ಆಮ್‌ಸ್ಟರ್‌ಡ್ಯಾಮ್ 12.5% ಪ್ರವಾಸಿ ತೆರಿಗೆ ಹಾಕುತ್ತದೆ. ಬುಕಿಂಗ್ ಪುಟದಲ್ಲಿ ಮೊದಲು ಕಾಣುವ ಬೆಲೆಯಲ್ಲಿ ಅದು ಸೇರಿದೆಯೋ ಇಲ್ಲವೋ ನೋಡಿ. ಆಗಸ್ಟ್ ಮೊದಲ ವಾರಾಂತ್ಯದಲ್ಲಿ ಸಾಮಾನ್ಯವಾಗಿ ಪ್ರೈಡ್ (ಲೈಂಗಿಕ ಅಲ್ಪಸಂಖ್ಯಾತರ ಉತ್ಸವ) ದೋಣಿ ಮೆರವಣಿಗೆ ಇದೇ ಪ್ರಿನ್ಸೆನ್‌ಗ್ರಾಖ್ಟ್‌ನಲ್ಲಿ ನಡೆಯುತ್ತದೆ, ಆಗ ರೂಮಿನ ಬೆಲೆ ಏರಿರುತ್ತದೆ. ಹಾರ್ಲೆಮ್‌ನಲ್ಲಿ ಉಳಿದರೆ ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗೆ. ಆದರೆ ನಿಮ್ಮ ಜೊತೆಯವರಿಗೆ ಮಧ್ಯಾಹ್ನ ಕಾಲು ಚಾಚಿ ಮಲಗಲು ರೂಮು ಹತ್ತಿರ ಇರುವುದೇ ಮೇಲು. ನಾನಾದರೆ ವೆಸ್ಟರ್‌ಮಾರ್ಕ್ಟ್ ಟ್ರ್ಯಾಮ್ ಸಾಲಿನಲ್ಲೇ, ಲಿಫ್ಟ್ ಇರುವ ಹೊಟೇಲ್ ಹುಡುಕುತ್ತಿದ್ದೆ. ‘ಕಾಲುವೆ ಮನೆ ಹೊಟೇಲ್’ ಎಂದು ಇರುವವುಗಳಲ್ಲಿ ಲಿಫ್ಟ್ ಇರದವೇ ಹೆಚ್ಚು.

ಮೋಡಗಾವಲು

ಮಳೆಗೆ: ಆಗಸ್ಟ್‌ನಲ್ಲಿ ಹಗಲು ಸರಾಸರಿ 22 ಡಿಗ್ರಿ, ರಾತ್ರಿ 13ರ ಆಸುಪಾಸು. ಮಳೆ ಇಡೀ ದಿನ ಹಿಡಿಯುವುದಕ್ಕಿಂತ ಅರ್ಧ ಗಂಟೆ ಸುರಿದು ಹೋಗುವುದೇ ಹೆಚ್ಚು. ಫೋನಿಗೆ ‘ಬೌಯನ್‌ರಾಡಾರ್’ ಆ್ಯಪ್ ಹಾಕಿಕೊಳ್ಳಿ. ಮುಂದಿನ ಎರಡು ಗಂಟೆಯಲ್ಲಿ ನಿಮ್ಮ ಜಾಗದ ಮೇಲೆ ಮೋಡ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನು ಐದೈದು ನಿಮಿಷದ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಲಿನವರು ಮನೆಯಿಂದ ಹೊರಡುವುದೇ ಅದನ್ನು ನೋಡಿ.

ಬಯಲು ಕಛೇರಿಯಲ್ಲಿ ನಾಲ್ಕು ಹನಿ ಬಿದ್ದರೂ ತಂತಿವಾದ್ಯದವರು ನಿಲ್ಲಿಸುತ್ತಾರೆ. ಪಿಟೀಲಿನ ವಾರ್ನಿಷ್, ಅಂಟು, ಬಿಲ್ಲಿನ ಕೂದಲು ಯಾವುದೂ ನೀರು ತಡೆಯುವುದಿಲ್ಲ, ಅದು ಅವರ ಬದುಕಿನ ವಸ್ತು. ಹಾಗಾಗಿ ಟಿಕೆಟ್ ತೆಗೆಯುವಾಗ ಆ ಕಛೇರಿಗೆ ಮಳೆ ಬಂದರೆ ಬದಲಿ ಜಾಗ ಇದೆಯೇ, ರದ್ದಾದರೆ ಹಣ ವಾಪಸ್ಸೇ ಎಂಬ ಸಾಲನ್ನು ಓದಿಕೊಳ್ಳಿ. ಬದಲಿ ಜಾಗದ ಸುದ್ದಿ ಇಮೇಲ್‌ಗೆ ಬರುತ್ತದೆ, ಆದ್ದರಿಂದ ಅಲ್ಲಿ ನಡೆಯುವ ಇಂಟರ್‌ನೆಟ್ ಮತ್ತು ಟಿಕೆಟ್‌ಗೆ ಕೊಟ್ಟ ಅದೇ ಇಮೇಲ್ ಖಾತೆ ಫೋನಿನಲ್ಲಿರಲಿ. ನಾಲ್ಕು ದಿನದ ಕಛೇರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಯಲಿನವು ಆಗದಂತೆ ನೋಡಿಕೊಳ್ಳಿ. ಕೊಡೆ ಬೇಡ, ಹಿಂದಿನವರಿಗೆ ಏನೂ ಕಾಣುವುದಿಲ್ಲ. ಟೋಪಿ ಇರುವ ಮಳೆಯಂಗಿ ತನ್ನಿ, ಆದರೆ ಸರಸರ ಸದ್ದು ಮಾಡುವ ಪ್ಲಾಸ್ಟಿಕ್ ಬೇಡ. ನಿಧಾನ ಗತಿಯ ಭಾಗದಲ್ಲಿ ಅದರ ಸದ್ದು ಎರಡು ಸಾಲು ಆಚೆಗೆ ಕೇಳುತ್ತದೆ. ನೀರಿನ ಪಕ್ಕ ರಾತ್ರಿ ಕೂತರೆ ಚಳಿ ಕೆಳಗಿನಿಂದ ಏರುತ್ತದೆ, ಕಲ್ಲಿನ ಮೇಲೆ ಹಾಕಿಕೊಳ್ಳಲು ಒಂದು ದಪ್ಪ ಮಡಿಕೆ ಬಟ್ಟೆ, ಹಿರಿಯರಿಗೆ ಕಾಲ್ಚೀಲ ಮರೆಯಬೇಡಿ.

ವೀಣಾಪಾಣಿ

ಹಳೆಯ ಕಾಲದ ಸಂಗೀತ ಅಂದಿರಿ. ಹಾಗಿದ್ದರೆ ಸಾಧ್ಯವಾದರೆ ದಿನಗಳನ್ನು ಆಗಸ್ಟ್ ಕೊನೆಯ ಕಡೆಗೆ ತಳ್ಳಿ ನೋಡಿ. 1982ರಿಂದ ಉಟ್ರೆಕ್ಟ್‌ನಲ್ಲಿ ನಡೆಯುತ್ತಿರುವ ‘ಔದ ಮ್ಯೂಜಿಕ್’ ಉತ್ಸವ ಆಗಸ್ಟ್ ಕೊನೆಗೆ ಶುರುವಾಗಿ ಸೆಪ್ಟೆಂಬರಿಗೆ ದಾಟುತ್ತದೆ, ಸುಮಾರು ಹತ್ತು ದಿನ. ಅದೂ ಕಾಲುವೆಗಳ ಊರೇ, ಆಮ್‌ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ. ಮುಖ್ಯ ಸಭಾಂಗಣ ಟಿವೊಲಿಫ್ರೇಡನ್‌ಬರ್ಗ್ ನಿಲ್ದಾಣದ ಹತ್ತಿರವೇ ಇದೆ. ಪೀಟರ್ಸ್‌ಕೆರ್ಕ್, ಯಾಕೋಬಿಕೆರ್ಕ್, ಖೇರ್ಟೆಕೆರ್ಕ್ ಮುಂತಾದ ಚರ್ಚುಗಳಲ್ಲಿ ಹಗಲಲ್ಲೂ ಕಛೇರಿ ಇರುತ್ತದೆ, ಒಂದರಿಂದ ಒಂದಕ್ಕೆ ನಡೆದು ಹೋಗುವಷ್ಟೇ ದೂರ, ಬಹುಪಾಲು ಸಮತಟ್ಟು ನೆಲ. ಮೊಣಕಾಲಿಗೆ ಆಮ್‌ಸ್ಟರ್‌ಡ್ಯಾಮ್‌ಗಿಂತ ಇದು ಎಷ್ಟೋ ಸಲೀಸು. ಚರ್ಚಿನ ಕುರ್ಚಿ ಗಟ್ಟಿ, ಸಣ್ಣ ದಿಂಬು ಒಯ್ಯಿರಿ. ಕಂಬದ ಹಿಂದಿನ ಸೀಟು ಅಗ್ಗ, ಹಾಡುಗಾರಿಕೆಗೆ ಪರವಾಗಿಲ್ಲ, ಲ್ಯೂಟ್‌ನಂಥ ಮೆಲುದನಿಯ ವಾದ್ಯಕ್ಕೆ ಬೇಡವೇ ಬೇಡ.

ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಉಳಿಯುವುದಾದರೆ ಔದ ಕೆರ್ಕ್ ಚರ್ಚಿಗೆ ಒಂದು ಗಂಟೆ ಕೊಡಿ. ಹಳೆಯ ಕಾಲದ ಡಚ್ ಸಂಗೀತ ರಚನಕಾರ ಸ್ವೇಲಿಂಕ್ ಆರ್ಗನ್ ನುಡಿಸುತ್ತಿದ್ದದ್ದು ಅಲ್ಲೇ, 1621ರಲ್ಲಿ ತೀರಿಕೊಂಡ ಮೇಲೆ ಮಣ್ಣು ಮಾಡಿದ್ದೂ ಅಲ್ಲೇ.

ಇನ್ನೊಂದು ಸಣ್ಣ ಆದರೆ ಕಛೇರಿಯನ್ನೇ ತಪ್ಪಿಸಬಲ್ಲ ವಿಷಯ. ಬಾಗಿಲಲ್ಲಿ ಸ್ವಯಂಸೇವಕರನ್ನು ಸಮಯ ಕೇಳಿದಾಗ ‘ಹಾಲ್ಫ್ ನೇಖನ್’ ಅಂದರೆ ಅದು ಎಂಟೂವರೆ, ಒಂಬತ್ತೂವರೆ ಅಲ್ಲ. ಡಚ್ಚರು ಮುಂದಿನ ಗಂಟೆಗೆ ಅರ್ಧ ಬಾಕಿ ಅಂತ ಎಣಿಸುತ್ತಾರೆ, ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಕೆಲವೊಮ್ಮೆ ಅದೇ ಲೆಕ್ಕ ಬಾಯಿಗೆ ಬರುತ್ತದೆ. ಟಿಕೆಟ್ ಮೇಲೆ ಅಚ್ಚಾದ 20:30 ಎಂಬ ಅಂಕಿಯನ್ನೇ ನಂಬಿ. ಮತ್ತು ಆ ಹೊತ್ತು ಅಂದರೆ ಬಾಗಿಲು ಮುಚ್ಚುವ ಹೊತ್ತು, ಕಾಲು ಗಂಟೆ ಮೊದಲೇ ಮೆಟ್ಟಿಲ ಹತ್ತಿರ ಇರಿ.